ಉಂಡ ತಟ್ಟೆ

ಸಿಂಗಪುರದ ಮರೀನಾ ಬೇ ಕ್ರೂಸ್ ಸೆಂಟರ್‌ನಲ್ಲಿ ಹಡಗು ಹತ್ತಿ ಒಂದು ಗಂಟೆ ಆಗಿರಲಿಲ್ಲ. ಬಫೆಯಲ್ಲಿ ಊಟ ಮುಗಿಸಿದ ಅವ್ವ ತನ್ನ ತಟ್ಟೆ ಎತ್ತಿಕೊಂಡು ತೊಳೆಯೋ ಜಾಗ ಹುಡುಕುತ್ತಾ ಹೊರಟಳು. ಯೂನಿಫಾರ್ಮಿನ ಹುಡುಗನೊಬ್ಬ ಓಡಿಬಂದು ತಟ್ಟೆಗೆ ಕೈ ಹಾಕಿದ. ಅವ್ವ ಬಿಡಲಿಲ್ಲ. ಇಬ್ಬರೂ ಒಂದೊಂದು ಕಡೆ ಹಿಡಿದು ನಿಂತಿದ್ದಾರೆ, ಉಳಿದ ಪರಂಗಿ ಹಣ್ಣಿನ ತುಂಡು ಅಂಚಿಗೆ ಜಾರ್ತಾ ಇದೆ.

"ಉಂಡ ತಟ್ಟೇನ ಬ್ಯಾರೆಯೋರ ಕೈಲಿ ಎತ್ತಿಸ್ತಾರೇನ್ಲಾ?" ಅಂತ ನನ್ನನ್ನ ನೋಡಿದಳು.

"ಕೊಡಿ ಅಮ್ಮ, ನೀವೇ ಎತ್ತಿದ್ರೆ ಸೂಪರ್‌ವೈಸರ್ ನಂಗೆ ಬೈತಾರೆ" ಅಂದ ಹುಡುಗ, ಕನ್ನಡದಲ್ಲೇ. ಬ್ಯಾಡ್ಜಿನಲ್ಲಿ ಹೆಸರಿನ ಕೆಳಗೆ 'ಇಂಡಿಯಾ' ಅಂತಷ್ಟೇ ಇತ್ತು. ಕುಂದಾಪುರದ ಕಡೆಯವನಂತೆ. ಹಡಗು ಹತ್ತಿ ಆರು ತಿಂಗಳಾಗಿದೆ, ಇನ್ನೆರಡು ತಿಂಗಳು ಬಾಕಿ, ಊರಲ್ಲಿ ಮನೆ ಕಟ್ಟಿಸ್ತಿದಾನೆ. ಅವ್ವ "ನಿಂದು ಊಟ ಆಯ್ತೇನಪ್ಪ?" ಅಂದಳು. ಅವನು ನಕ್ಕು ತಟ್ಟೆ ತಗೊಂಡು ಹೋದ. ಉತ್ತರ ಹೇಳಲಿಲ್ಲ.

ನನಗೆ ಆ ಊಟ ಅಲ್ಲಿಗೇ ಮುಗೀತು. ಅವ್ವ ಹೇಳಿದ್ದು ನಮ್ಮೂರಿನ ಸತ್ಯದಲ್ಲಿ ಅರ್ಧ ಮಾತ್ರ. ಮನೇಲಿ ಅವರವರ ತಟ್ಟೆ ಅವರವರು ತೊಳೀತಿದ್ವಿ, ನಿಜ. ಆದರೆ ಮದುವೆಗಳಲ್ಲಿ ಎಂಜಲೆಲೆ ಎತ್ತುತ್ತಿದ್ದವರು ಯಾವ ಕೇರಿಯವರು, ಅವರು ಎಲ್ಲರದ್ದೂ ಆದಮೇಲೆ ಎಲ್ಲಿ ಕೂತು ಉಣ್ಣುತ್ತಿದ್ದರು ಅನ್ನೋದು ಅವಳಿಗೂ ಗೊತ್ತು, ನನಗೂ ಗೊತ್ತು. ಆಗ ನಮಗ್ಯಾರಿಗೂ ಮುಜುಗರ ಆಗಿರಲಿಲ್ಲ. ಹಾಗಾದ್ರೆ ಇವತ್ತು ಆಗಿದ್ದು ಯಾಕೆ? ಹುಡುಗ ಕನ್ನಡ ಮಾತಾಡಿದ ಅಂತಲಾ? ಫಿಲಿಪೈನ್ಸಿನವನು ಬಂದು ಎತ್ತಿದ್ದರೆ ನಾನು 'ಥ್ಯಾಂಕ್ಯೂ' ಅಂದು ಐಸ್‌ಕ್ರೀಂ ಕಡೆ ಹೋಗ್ತಿದ್ದೆ. ನಮ್ಮವನು ಅನ್ನಿಸಿದ ಮೇಲಷ್ಟೇ ಎಚ್ಚರವಾಗೋ ನೈತಿಕತೆ ಎಂಥದ್ದು ಅಂತ ಆಮೇಲೆ ಡೆಕ್ಕಿನ ಮೇಲೆ ನಿಂತು ಬಹಳ ಹೊತ್ತು ಯೋಚಿಸಿದೆ.

ಇದು ಜಾತಿಯಲ್ಲ, ಕೆಲಸ, ಅವನೇ ಆರಿಸಿಕೊಂಡದ್ದು, ಸಂಬಳ ಬರುತ್ತೆ. ಈ ಸಮಾಧಾನ ಸುಳ್ಳೇನೂ ಅಲ್ಲ. ನಾನೂ ರಾತ್ರಿ ಹನ್ನೊಂದಕ್ಕೆ ಕ್ಲೈಂಟ್ ಕಾಲ್‌ನಲ್ಲಿ ಹಲ್ಲು ಕಿರೀತೀನಿ. ಆದರೆ ಲೆಕ್ಕ ಮಾಡಿದರೆ ಹೋಲಿಕೆ ನಿಲ್ಲಲ್ಲ. 2006ರ ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದ ದೇಶಗಳಿಗೆ ಎರಡು ದಾರಿ ಕೊಡುತ್ತೆ: ವಾರಕ್ಕೆ ಹೆಚ್ಚೆಂದರೆ 72 ಗಂಟೆ ಕೆಲಸ, ಇಲ್ಲವಾದರೆ ಕನಿಷ್ಠ 77 ಗಂಟೆ ವಿಶ್ರಾಂತಿ. ವಾರದ 168ರಲ್ಲಿ 77 ಕಳೀರಿ, 91 ಉಳಿಯುತ್ತೆ. ಅಷ್ಟೂ ಹೊತ್ತು ದುಡಿಸಿದರೂ ಅದು ಕಾನೂನುಬದ್ಧ. 2023ರಲ್ಲಿ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ಅಂದಾಗ ನಮ್ಮ ಟೀಮಿನ ಗ್ರೂಪಲ್ಲಿ ಎರಡು ದಿನ ಬರೀ ಮೀಮ್. ಇಲ್ಲಿ ಮೀಮ್ ಮಾಡೋಕೂ ಪುರುಸೊತ್ತಿಲ್ಲ.

ಮೊದಲ ದಿನದ್ದೇ ಇನ್ನೊಂದು ಸಂಕಟ ಟಿಪ್ಸು. ತಲೆಗೆ ದಿನಕ್ಕೆ ಹದಿನಾರು ಡಾಲರ್ ಮೇಲೆ ತಾನಾಗಿಯೇ ಬಿಲ್ಲಿಗೆ ಸೇರುತ್ತೆ. ನಾನು, ಹೆಂಡತಿ, ಅವ್ವ, ನಾಲ್ಕು ರಾತ್ರಿ. "ಮೊದಲನೇ ದಿನವೇ ಕೌಂಟರಿಗೆ ಹೋಗಿ ತೆಗೆಸಿಬಿಡು ಗುರೂ, ಬೇಕಾದೋರಿಗೆ ಕೈಗೇ ಕೊಡು" ಅಂತ ಮೊದಲೇ ಹೋಗಿಬಂದಿದ್ದ ಗೆಳೆಯ ಹೇಳಿದ್ದ. ಸರಿ ಅನ್ನಿಸಿತು. ಆ ಕುಂದಾಪುರದ ಹುಡುಗನಿಗೇ ಕೊಟ್ಟರೆ ಮನೆ ಖರ್ಚಿಗಾದರೂ ಆಗುತ್ತೆ ಅಂತ ಕ್ಯೂನಲ್ಲಿ ನಿಂತೆ.

ನಿಂತಲ್ಲೇ ಅನುಮಾನ ಶುರುವಾಯ್ತು. ಬಿಲ್ಲಿಗೆ ಸೇರೋ ದುಡ್ಡು ಹಲವರಿಗೆ ಹಂಚಿಕೆಯಾಗುತ್ತೆ. ಅದರಲ್ಲಿ ನಾನು ಮುಖವನ್ನೇ ನೋಡದವರೂ ಇರ್ತಾರೆ. ನಮ್ಮ ಬೆಡ್‌ಶೀಟು ಒಗೆಯೋನು ಕೆಳಗಿನ ಡೆಕ್ಕಿನಲ್ಲಿದ್ದಾನೆ, ಅಲ್ಲಿಗೆ ನಮಗೆ ಪ್ರವೇಶವೇ ಇಲ್ಲ. ಅವರ ಪಾಲು ಕಿತ್ತು, ಎದುರಿಗೆ ನಿಂತು ನಗೋನಿಗೆ ಕೊಟ್ಟರೆ ನಾನು ಕೊಂಡುಕೊಳ್ತಿರೋದು ಆ ನಗುವನ್ನಲ್ವಾ? ಇನ್ನೊಂದು ಕಡೆ, ಒಬ್ಬ ಮನುಷ್ಯನ ಸಂಪಾದನೆ ನನ್ನ ಮರ್ಜಿಯ ಮೇಲೆ ನಿಲ್ಲೋ ಹಾಗೆ ಕಟ್ಟಿದ ವ್ಯವಸ್ಥೆಯೇ ತಪ್ಪು. ಆ ಸಿಟ್ಟನ್ನ ಕಂಪನಿ ಮೇಲೆ ತೀರಿಸೋಕೆ ಹೋಗಿ ಒಗೆಯೋನ ಪಾಲು ಕಡಿಮೆ ಮಾಡೋದು ನ್ಯಾಯ ಅನ್ನಿಸಲಿಲ್ಲ. ಕ್ಯೂ ಬಿಟ್ಟು ಬಂದೆ. ಮುಂದೆ ಇನ್ನೂ ಇಪ್ಪತ್ತು ಜನ ಇದ್ರು ಅನ್ನೋದನ್ನೂ ಒಪ್ಪಿಕೊಳ್ತೀನಿ.

ಹೊರಡೋ ಮುಂಚೆ ಸುರಕ್ಷತಾ ಡ್ರಿಲ್ ಇತ್ತು. 2012ರಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತಾಗ, ಅದೇ ಸಂಜೆ ಹತ್ತಿದ್ದವರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. ಆಮೇಲೆ ನಿಯಮ ಬಿಗಿಯಾಯ್ತು. ನಮ್ಮ ಗುಂಪಿಗೆ ಲೈಫ್ ಜಾಕೆಟ್ ತೋರಿಸೋಕೆ ನಿಂತಿದ್ದೋನು ಅದೇ ಹುಡುಗ! ಈಗ ಅವನು ನಗ್ತಿರಲಿಲ್ಲ. "ಅಮ್ಮ, ಮುಂದೆ ಬನ್ನಿ, ಬೆಲ್ಟ್ ಬಿಗಿ ಮಾಡ್ಬೇಕು" ಅಂದ. ಅವ್ವ ಸ್ಕೂಲಿನ ಹುಡುಗಿ ಥರ ಹೋಗಿ ನಿಂತಳು. ಇಡೀ ದಿನದಲ್ಲಿ ಅವನ ಮುಂದೆ ನನಗೆ ಮುಜುಗರ ಆಗದೇ ಇದ್ದದ್ದು ಆ ಹತ್ತು ನಿಮಿಷ ಮಾತ್ರ.

ಸಂಜೆ ರೂಮಿಗೆ ಬಂದರೆ ಅವ್ವ ಮಧ್ಯಾಹ್ನ ಮಲಗೆದ್ದವಳು ಹೊದಿಕೆ, ಬೆಡ್‌ಶೀಟು ಎಲ್ಲಾ ನೀಟಾಗಿ ಮಡಿಚಿ, ಮೇಲೆ ದಿಂಬು ಪೇರಿಸಿಟ್ಟಿದ್ದಳು, ನೆಂಟರ ಮನೆಯಲ್ಲಿ ಮಾಡೋ ಹಾಗೆ. ಊಟಕ್ಕೆ ಹೋಗಿ ಬರೋಷ್ಟರಲ್ಲಿ ರೂಮಿನ ಕೆಲಸದವರು ಅದನ್ನೆಲ್ಲ ಬಿಚ್ಚಿ ಮತ್ತೆ ಹಾಸಿ, ಮೇಲೊಂದು ಟವೆಲ್ ಆನೆ ಕೂರಿಸಿ ಹೋಗಿದ್ದರು.

ಅವ್ವ ಆನೆಯನ್ನ ಮುಟ್ಟಲಿಲ್ಲ. "ಪಾಪ, ನಾನು ಮಡಿಚಿ ಅವರ್ಗೆ ಎರಡು ಕೆಲ್ಸ ಮಾಡ್ದಂಗಾಯ್ತಲ್ಲೋ" ಅಂದು ಹಾಸಿಗೆಯ ತುದಿಯಲ್ಲಿ ಕೂತಳು.