ಮೇವಿನ ಲೆಕ್ಕ

ಚನ್ನಗಿರಿ ತಾಲ್ಲೂಕಿನ ನಮ್ಮ ಸೋದರಮಾವನ ಮನೆಯಲ್ಲಿ ಬೆಳಗ್ಗೆ ಎದ್ದವರು ಮೊದಲು ನೋಡುವುದು, ಅಂಗಳದಲ್ಲಿ ಕಾರು ನಿಂತಿದೆಯೋ ಕೂತಿದೆಯೋ ಎಂದು. ರಾತ್ರಿ ನಾಲ್ಕು ಕಾಲಿನ ಮೇಲೆ ಸಮನಾಗಿ ನಿಂತದ್ದು ಬೆಳಗಾಗುವಷ್ಟರಲ್ಲಿ ಮುಂಗಾಲು ಮಡಚಿದ ಎಮ್ಮೆಯಂತೆ ಎಡಕ್ಕೆ ವಾಲಿರುತ್ತದೆ. ಸ್ಟಾರ್ಟ್ ಮಾಡಿದರೆ ಒಳಗೆಲ್ಲೋ ಗುರ್ರೆನ್ನುವ ಸದ್ದು. ಎರಡು ನಿಮಿಷಕ್ಕೆ ಕಾರು ಉಸಿರು ತುಂಬಿಕೊಂಡು ಮೇಲೇಳುತ್ತದೆ. ಅದರ ಜೊತೆಗೆ ಮಾವನ ಮುಖವೂ.

ಹೊಸದಾಗಿದ್ದಾಗ 60 ಲಕ್ಷ ದಾಟಿದ್ದ ಜರ್ಮನ್ ಡೀಸೆಲ್ ಕಾರು ಅದು. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ 11 ಲಕ್ಷಕ್ಕೆ ಸಿಕ್ಕಿತು. ದೆಹಲಿ ಸೀಮೆಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಬಾರದೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಅಲ್ಲಿ ಆಯುಷ್ಯ ತೀರುತ್ತಿದ್ದ ಇಂಥ ಕಾರುಗಳು ಎನ್‌ಓಸಿ ಹಿಡಿದು ದಕ್ಷಿಣಕ್ಕೆ ಇಳಿದವು. "ಕಾರು ಕೆಟ್ಟಿಲ್ಲ ಯಜಮಾನ್ರೇ, ಅಲ್ಲಿ ಕಾನೂನು ಕೆಟ್ಟೈತೆ ಅಷ್ಟೇ" ಎಂದಿದ್ದ ದಲ್ಲಾಳಿ. ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ನಮ್ಮನ್ನು ಕೆಡಿಸುವುದು ಹೆಚ್ಚಾಗಿ ಇಂಥ ಅರ್ಧ ನಿಜವೇ.

ಉಳಿದರ್ಧ ದಾವಣಗೆರೆಯ ಗ್ಯಾರೇಜಿನಲ್ಲಿ ತಿಳಿಯಿತು. "ಇದು ಸ್ಪ್ಯಾನರ್ ಗಾಡಿ ಅಲ್ಲ, ಸ್ಕ್ಯಾನರ್ ಗಾಡಿ" ಎಂದ ಮೆಕ್ಯಾನಿಕ್. ಉಕ್ಕಿನ ಸ್ಪ್ರಿಂಗಿನ ಬದಲು ಈ ಕಾರಿಗಿರುವುದು ಗಾಳಿ ತುಂಬಿದ ರಬ್ಬರ್ ಚೀಲ. ವಯಸ್ಸಾದಂತೆ ರಬ್ಬರ್ ಬಿರಿಯುತ್ತದೆ, ಗಾಳಿ ಸೋರುತ್ತದೆ. ಸೋರಿದ್ದನ್ನು ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ದುಡಿದು ಒಂದು ದಿನ ತಾನೇ ಸುಟ್ಟುಹೋಗುತ್ತದೆ. ಒಂದು ಕಾಲಿಗೆ ಲಕ್ಷದ ಮೇಲೆ ಎಂದರು. ಅಷ್ಟು ದುಡ್ಡಿಗೆ ಮಾವನ ತೋಟದಲ್ಲಿ ಕೆಂಪಡಿಕೆ ಎರಡು ಕ್ವಿಂಟಲ್ ಆಗಬೇಕು.

ಆಮೇಲೆ ಒಂದೊಂದೇ ಬಂತು. ಎಂಜಿನ್ನಿನ ಶಾಖದಲ್ಲಿ ವರ್ಷಗಟ್ಟಲೆ ಬೆಂದ ಪ್ಲಾಸ್ಟಿಕ್ ಕೊಳವೆ ಹಪ್ಪಳದಂತೆ ಮುರಿದು ಕೂಲೆಂಟ್ ಸೋರಿತು. ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜರಡಿಯೊಂದಿದೆ. ಹೆದ್ದಾರಿಯಲ್ಲಿ ಅರ್ಧ ಗಂಟೆ ಬಿಗಿಯಾಗಿ ಓಡಿದರೆ ಆ ಮಸಿ ತಾನೇ ಉರಿದುಹೋಗುತ್ತದೆ. ಮನೆಯಿಂದ ಪೇಟೆಗೆ, ಪೇಟೆಯಿಂದ ಸೊಸೈಟಿಗೆ ಓಡಾಡುವ ಕಾರಿಗೆ ಆ ಕಾವು ಎಲ್ಲಿಂದ ಬರಬೇಕು? ಜರಡಿ ಕಟ್ಟಿತು. ಅಡಿಕೆ ಚೀಲದ ಪಕ್ಕದಲ್ಲೇ ನಿಲ್ಲುತ್ತಿದ್ದುದರಿಂದ ಇಲಿಗಳು ವೈರಿಂಗ್ ಕಡಿದವು. ತೋಟಕ್ಕೆ ಹೋಗಲು ಮಾವನಿಗೆ ಈಗಲೂ ಹಳೆಯ ಟಿವಿಎಸ್ಸೇ ಗತಿ. ಅದಕ್ಕೆ ಬೇಕಾದ್ದೆಲ್ಲ ಊರಿನ ಅಂಗಡಿಯಲ್ಲೇ ಸಿಗುತ್ತದೆ.

ವಿಮೆ ಸವೆತಕ್ಕೆ ಒದಗುವುದಿಲ್ಲ, ಅಪಘಾತದಂಥ ಹಾನಿಗೆ ಮಾತ್ರ. ಅದರಲ್ಲೂ ರಬ್ಬರ್, ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಶೇ 50 ಕಳೆಯುತ್ತಾರೆ. ರಿಪೇರಿ ಖರ್ಚು ಐಡಿವಿಯ, ಅಂದರೆ ವಿಮೆ ಒಪ್ಪಿದ ಈಗಿನ ಬೆಲೆಯ, ಶೇ 75 ದಾಟಿದರೆ ಗಾಡಿ 'ಟೋಟಲ್ ಲಾಸ್'. ಕಾರಿನ ಬೆಲೆ ಇಳಿದು 11 ಲಕ್ಷಕ್ಕೆ ಬಂದಿದೆ, ಅದರ ಹೆಡ್‌ಲೈಟಿನ ಬೆಲೆ ಮಾತ್ರ 60 ಲಕ್ಷದ ಕಾರಿನದೇ. ಹಾಗಾಗಿ ಮೂತಿಗೆ ಬಿದ್ದ ಒಂದು ಗುದ್ದು ಸಾಕು, ಎಂಜಿನ್ ಗಟ್ಟಿಯಾಗಿದ್ದರೂ ಕಾಗದದ ಮೇಲೆ ಕಾರು ಸತ್ತಂತೆ.

ಈ ಲೆಕ್ಕ ನನಗೆ ಅರ್ಥವಾದದ್ದು ಜಗಳೂರಿನ ಅಜ್ಜನಿಂದ. ತಾಯಿಯ ಕಡೆ, ಚನ್ನಗಿರಿಯಲ್ಲಿ, ಸೂಳೆಕೆರೆ, ಭದ್ರಾ ನಾಲೆಯ ನೀರಿನ ಮಾತು. ತಂದೆಯ ಕಡೆ, ಜಗಳೂರಿನಲ್ಲಿ, ಬರದ ಮಾತು. ಅಜ್ಜ ದನದ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ, ಸುಳಿ ನೋಡುತ್ತಿದ್ದ, ಹತ್ತು ಹೆಜ್ಜೆ ನಡೆಸಿ ನೋಡುತ್ತಿದ್ದ. ದಲ್ಲಾಳಿಯ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಆಡುತ್ತಿದ್ದ. ಆದರೆ ಹೊರಡುವ ಮುಂಚೆ ತಪ್ಪದೆ ಹಿತ್ತಲಿಗೆ ಹೋಗಿ ಬಣವೆಯ ಸುತ್ತ ಒಂದು ಸುತ್ತು ಬರುತ್ತಿದ್ದ. "ಎತ್ತಿನ ಹಲ್ಲು ಆಮೇಲೆ ಎಣಿಸು ಮಗಾ. ಮೊದ್ಲು ನಿನ್ನ ಮೇವು ಎಣಿಸು."

ಬರದ ವರ್ಷ ಎತ್ತು ಅಗ್ಗ. ಅದರ ಕಸುವೇನೂ ತಗ್ಗಿರುವುದಿಲ್ಲ, ಮಾರುವವನ ಹಿತ್ತಲಲ್ಲಿ ಬಣವೆ ಕರಗಿರುತ್ತದೆ. ಮುಂದೆ ತಿನ್ನಬೇಕಾದ ಮೇವಿನ ಬೆಲೆಯನ್ನು ಸಂತೆ ಮೊದಲೇ ಕಳೆದು ಎತ್ತಿಗೆ ಬೆಲೆ ಕಟ್ಟಿರುತ್ತದೆ. ಅಗ್ಗಕ್ಕೆ ಹೊಡೆದೆನೆಂದು ಹಗ್ಗ ಹಿಡಿದು ಬರುವವನು ಆ ಕಳೆದ ಮೊತ್ತವನ್ನೂ ಹಿಂದೆ ಕಟ್ಟಿಕೊಂಡೇ ಬರುತ್ತಾನೆ. 49 ಲಕ್ಷ ಉಳಿಯಿತೆಂದು ಮಾವ ಊರಿಗೆಲ್ಲ ಹೇಳಿದರು. ಅದು ಉಳಿತಾಯವಾಗಿರಲಿಲ್ಲ. ಮೊದಲ ಯಜಮಾನ ಕಾರಿನ ಆರೋಗ್ಯದ ವರ್ಷಗಳನ್ನು ಉಂಡು ಅದಕ್ಕೆ ಕೊಟ್ಟ ಬೆಲೆ ಅದು. ಕೆಟ್ಟರೆ ಕಂಪನಿ ನೋಡಿಕೊಳ್ಳುತ್ತದೆಂಬ ನಿಶ್ಚಿಂತೆಯೂ ಅದರಲ್ಲಿ ಸೇರಿತ್ತು. ಸುಖವೆಂದರೆ ಮುಕ್ಕಾಲು ಪಾಲು ಆ ನಿಶ್ಚಿಂತೆಯೇ. ಆರ್‌ಸಿಯಲ್ಲಿ ಹೆಸರು ಬದಲಾಗಬಹುದು, ನಿಶ್ಚಿಂತೆಯನ್ನು ವರ್ಗಾಯಿಸುವ ಫಾರಂ ಯಾವ ಆರ್‌ಟಿಓ ಕಚೇರಿಯಲ್ಲೂ ಇಲ್ಲ.

ಹಾಗೆಂದು ಮಾವನ ಆಸೆಯನ್ನು ಕಂಡು ನಗಲಾರೆ. ಹೆದ್ದಾರಿ 48ಕ್ಕೆ ಹತ್ತಿದರೆ ಆ ಕಾರಿನಲ್ಲಿ ಹೊಟ್ಟೆಯ ನೀರು ಅಲ್ಲಾಡುವುದಿಲ್ಲ. ಮಂಡಿನೋವಿನ ಅತ್ತೆ ಬೆಂಗಳೂರಿನವರೆಗೆ ನಿದ್ದೆ ಮಾಡಿದ್ದಾರೆ. ನಲವತ್ತು ವರ್ಷ ಕೊಳೆ ರೋಗಕ್ಕೆ, ಧಾರಣೆಗೆ ಹೆದರಿ ಬದುಕಿದವನಿಗೆ ಒಮ್ಮೆ ಆ ಸೀಟಿನಲ್ಲಿ ಒರಗಬೇಕೆನಿಸಿದರೆ ತಪ್ಪೇನು? ತಪ್ಪು ಬಣವೆಯ ಸುತ್ತ ಬರದೆ ಹೋದದ್ದು, ಅಷ್ಟೆ. ಮನೆ, ಪದವಿ, ದೊಡ್ಡವರ ಸ್ನೇಹ, ಇವನ್ನೂ ನಾವು ಹಲ್ಲು ನೋಡಿಯೇ ಕೊಳ್ಳುತ್ತೇವೆ. ಇವುಗಳ ಮೇವು ಎಷ್ಟೆಂದು ಕೇಳುವವರು ಕಡಿಮೆ.

ಹೋದ ತಿಂಗಳು ಕಾರು ನೋಡಲು ನ್ಯಾಮತಿಯಿಂದ ಒಬ್ಬ ಹುಡುಗ ಬಂದಿದ್ದ. ಕೊಳ್ಳುವವರು ಬಂದಾಗ ಎಂಜಿನ್ ಚಾಲೂ ಇಟ್ಟರೆ ಕಾಲು ವಾಲುವುದು ಕಾಣುವುದಿಲ್ಲವೆಂದು ಯಾರೋ ಹೇಳಿಕೊಟ್ಟಿದ್ದರು. ಮಾವ ಹಿಂದಿನ ರಾತ್ರಿಯೇ ಆಫ್ ಮಾಡಿ, ಕೂತಿದ್ದಂತೆಯೇ ತೋರಿಸಿದರು. ಆಮೇಲೆ ಒಳಗಿನಿಂದ ಒಂದು ಫೈಲು ತಂದರು. ಮೂರು ವರ್ಷದ ಬಿಲ್ಲುಗಳು, ಕ್ಲಿಪ್ಪು ಹಿಡಿಯಲಾರದಷ್ಟು ದಪ್ಪ.

"ಕಾರು ಆಮೇಲೆ ನೋಡುವೆಯಂತೆ ಕಣಪ್ಪಾ. ಮೊದ್ಲು ಇದನ್ನ ಓದು."

ಹುಡುಗ ಕಟ್ಟೆಯ ಮೇಲೆ ಕೂತು ಹಾಳೆ ತಿರುವತೊಡಗಿದ. ಅತ್ತೆ ಕಾಫಿ ತಂದಿಟ್ಟರು. ಕಾಫಿ ಕೆನೆಗಟ್ಟಿತು. ಅವನಿನ್ನೂ ಓದುತ್ತಲೇ ಇದ್ದ.