ಬೈಲು, ಬೆಟ್ಟು, ನಗರ: ಊರ ಹೆಸರಿಗೆ ಅಂಟಿದ ಅಂತಸ್ತು

ವಾಸದ ಜಾಗದ ಹೆಸರಿಗೆ ಎರಡು ಕೆಲಸಗಳಿವೆ. ಒಂದು, ದಾರಿ ತೋರಿಸುವುದು. ಅಂಚೆಯವರಿಗೆ, ರಿಕ್ಷಾದವರಿಗೆ, ನೆಂಟರಿಗೆ ಬೇಕಾದದ್ದು ಇಷ್ಟೇ. ಇನ್ನೊಂದು, ಅಲ್ಲಿ ಇರುವವರ ಬಗ್ಗೆ ಕೇಳಿದವರ ಮನಸ್ಸಿನಲ್ಲಿ ಒಂದು ಅಂದಾಜು ಹುಟ್ಟಿಸುವುದು. ಉಡುಪಿ ಕಡೆಯ ಮದುವೆ ಮಾತುಕತೆಯಲ್ಲಿ "ಮನೆ ಎಲ್ಲಿ ಆಯಿತು?" ಎಂದು ಕೇಳಿದಾಗ ಬ್ರಹ್ಮಗಿರಿ ಎಂದೋ ಮಣಿಪಾಲ ಎಂದೋ ಉತ್ತರ ಬಂದರೆ ಮಾತು ಒಂದು ಧಾಟಿಯಲ್ಲಿ ಮುಂದುವರಿಯುತ್ತದೆ, ಯಾವುದೋ ಕಾಲನಿಯ ಹೆಸರು ಬಂದರೆ ಇನ್ನೊಂದು ಧಾಟಿಯಲ್ಲಿ. ಹುಡುಗನ ಗುಣ, ಹುಡುಗಿಯ ಓದು ಯಾವುದೂ ಅಷ್ಟರಲ್ಲಿ ಮಾತಿಗೆ ಬಂದಿರುವುದಿಲ್ಲ. ಈ ಅಂತಸ್ತು ಇರುವುದು ನೆಲದಲ್ಲೋ, ಹೆಸರಿನಲ್ಲೋ, ಕೇಳುವವರ ಕಿವಿಯಲ್ಲೋ ಎಂಬುದು ಇಲ್ಲಿನ ಮೊದಲ ಪ್ರಶ್ನೆ. ಅಂತಸ್ತಿಗಾಗಿ ಹೆಸರು ಬದಲಿಸುವುದು ಸರಿಯೇ ಎಂಬುದು ಅದರ ಬೆನ್ನಿಗೇ ಬರುವ ಪ್ರಶ್ನೆ.

ಶಾಲೆಯ ಕನ್ನಡ ವ್ಯಾಕರಣ ವಸ್ತುವಾಚಕ ನಾಮಪದಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ವಿಂಗಡಿಸುತ್ತದೆ. ಊರ ಹೆಸರುಗಳಲ್ಲಿ ಹೆಚ್ಚಿನವು ಅನ್ವರ್ಥವಾಗಿ ಹುಟ್ಟಿ ಅಂಕಿತವಾಗಿ ಉಳಿಯುತ್ತವೆ. ಹುಟ್ಟಿದ ಹೊತ್ತಿನಲ್ಲಿ ಹೆಸರು ನೆಲವನ್ನು ವರ್ಣಿಸುತ್ತದೆ. ತಲೆಮಾರುಗಳು ಕಳೆದ ಮೇಲೆ ವರ್ಣನೆ ಮರೆತು ಬರೀ ಗುರುತು ಉಳಿಯುತ್ತದೆ. ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಸ್ಟೂವರ್ಟ್ ಮಿಲ್ 1843ರ ತನ್ನ ತರ್ಕಶಾಸ್ತ್ರದ ಗ್ರಂಥದಲ್ಲಿ ಡಾರ್ಟ್‌ಮತ್ ಎಂಬ ಊರಿನ ಉದಾಹರಣೆ ಕೊಡುತ್ತಾನೆ. ಡಾರ್ಟ್ ನದಿಯ ಮುಖದಲ್ಲಿರುವುದರಿಂದ ಊರಿಗೆ ಆ ಹೆಸರು ಬಂತು. ಆದರೆ ನದಿ ಹರಿವು ಬದಲಿಸಿ ದೂರ ಸರಿದರೂ ಹೆಸರು ಹಾಗೆಯೇ ಇರುತ್ತದೆ. ಆದ್ದರಿಂದ ಅಂಕಿತನಾಮವು ವಸ್ತುವನ್ನು ತೋರಿಸುತ್ತದೆಯೇ ಹೊರತು ಅದರ ಗುಣವನ್ನು ಹೇಳುವುದಿಲ್ಲ ಎಂಬುದು ಅವನ ವಾದ. ತರ್ಕದ ಮಟ್ಟಿಗೆ ವಾದ ಗಟ್ಟಿಯಾಗಿದೆ. ಆದರೆ ಅದು ಒಂದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಹಳೆಯ ಅರ್ಥ ಬರಿದಾದ ಹೆಸರಿನೊಳಗೆ ಸಮಾಜ ಹೊಸ ಅರ್ಥವನ್ನು ತುಂಬುತ್ತದೆ, ಆ ಹೊಸ ಅರ್ಥವೇ ಅಂತಸ್ತು.

ಇದಕ್ಕೆ ಉಡುಪಿ ಜಿಲ್ಲೆಯಷ್ಟು ಸ್ಪಷ್ಟವಾದ ಸಾಕ್ಷ್ಯ ಸುಲಭವಾಗಿ ಸಿಗದು. ಕರಾವಳಿಯ ಬೇಸಾಯಗಾರರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯಾಗಿ ಗುರುತಿಸುತ್ತಿದ್ದರು. ತಗ್ಗಿನಲ್ಲಿ ತೋಡಿನ ಪಕ್ಕದಲ್ಲಿದ್ದು ವರ್ಷವಿಡೀ ತೇವ ಹಿಡಿಯುವುದು ಬೈಲು. ಅಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ಮಜಲಿನಲ್ಲಿ ಎರಡು. ಎತ್ತರದಲ್ಲಿದ್ದು ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಒಂದೇ. ಅದಕ್ಕೂ ಮೇಲೆ ಗುಡ್ಡೆ, ಪದವು, ಅಂದರೆ ಮುರಕಲ್ಲಿನ ಬಯಲು. ಅಲ್ಲಿ ದನ ಮೇಯಿಸಬಹುದು, ಮಾಡಿಗೆ ಹೊದೆಸಲು ಮುಳಿಹುಲ್ಲು ಕೊಯ್ಯಬಹುದು. ಮುಡಿ ಅಕ್ಕಿಯ ಲೆಕ್ಕದ ಗೇಣಿ ಈ ಕ್ರಮವನ್ನೇ ಅನುಸರಿಸುತ್ತಿತ್ತು. ಬೈಲು ಗದ್ದೆಯಿದ್ದವನಿಗೆ ಊರಲ್ಲಿ ಬೆಲೆ, ಪದವಿನ ಮೇಲೆ ಗುಡಿಸಲು ಕಟ್ಟಿದವನು ನೆಲವಿಲ್ಲದವನು.

ಉಡುಪಿಯ ಸುತ್ತಮುತ್ತ ಕುಂಜಿಬೆಟ್ಟು, ಗುಂಡಿಬೈಲು, ದೊಡ್ಡಣಗುಡ್ಡೆ, ಸರಳೇಬೆಟ್ಟು, ಬೈಲಕೆರೆ, ಬೀಡಿನಗುಡ್ಡೆ ಎಂದು ಇಂದಿಗೂ ಇರುವ ಹೆಸರುಗಳು ಆ ಬೇಸಾಯದ ನಕ್ಷೆಯವು. ಆ ನೆಲದ ಮೇಲಿನ ಬದುಕು ಮಾತ್ರ ತಲೆಕೆಳಗಾಗಿದೆ. ಭತ್ತ ಆದಾಯದ ಮೂಲವಾಗಿದ್ದಷ್ಟು ಕಾಲ ನೀರು ನಿಲ್ಲುವ ನೆಲ ಮೇಲಾಗಿತ್ತು. 1974ರ ಭೂಸುಧಾರಣೆಯ ನಂತರ ಗೇಣಿ ಹೋಯಿತು, ಕೂಲಿ ಏರಿತು, ಮಕ್ಕಳು ಮುಂಬಯಿಗೆ, ಕೊಲ್ಲಿಗೆ, ಬೆಂಗಳೂರಿಗೆ ಹೋದರು. ನೆಲವನ್ನು ಮುಡಿಯ ಬದಲು ಸೆಂಟ್ಸಿನಲ್ಲಿ ಅಳೆಯುವ ಕಾಲ ಬಂತು. ಮನೆ ಕಟ್ಟುವವನಿಗೆ ನೀರು ನಿಲ್ಲದ ನೆಲ ಬೇಕು, ಗಟ್ಟಿ ಮುರಕಲ್ಲಿನ ತಳ ಬೇಕು, ಡಾಮರು ರಸ್ತೆ ಬೇಕು. ಬೆಟ್ಟು, ಗುಡ್ಡೆ, ಪದವುಗಳ ಬೆಲೆ ಏರಿತು. ಈ ಬದಲಾವಣೆಗೆ ನೂರು ವರ್ಷವೂ ಬೇಕಾಗಲಿಲ್ಲ, ಹೆಸರುಗಳಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಹಾಗಾದರೆ ಅಂತಸ್ತು ಹೆಸರಿನ ಸ್ವಂತ ಗುಣವಲ್ಲ, ನೆಲದ ಸ್ಥಿರ ಗುಣವೂ ಅಲ್ಲ. ಯಾವ ಕಾಲದಲ್ಲಿ ಯಾರಿಗೆ ನೆಲದಿಂದ ಏನು ಬೇಕಿತ್ತು ಎಂಬುದರ ನೆನಪು ಅದು.

ಮಣಿಪಾಲ ಈ ತಿರುವಿನ ತುದಿಯ ಉದಾಹರಣೆ. ಮಣ್ಣಪಳ್ಳದ ಕೆರೆಯ ಸುತ್ತಲಿನ ಬೋಳುಗುಡ್ಡದಲ್ಲಿ ಡಾ. ಟಿ.ಎಂ.ಎ. ಪೈ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭಿಸಿದರು. 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. ಸಿಂಡಿಕೇಟ್ ಬ್ಯಾಂಕಿನ ಕೇಂದ್ರ ಕಚೇರಿ, ಮುದ್ರಣಾಲಯ, 1993ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ಹೀಗೆ ಒಂದರ ಮೇಲೊಂದು ಸೇರಿದವು. 1997ರಲ್ಲಿ ಉಡುಪಿ ಜಿಲ್ಲೆಯಾದ ಮೇಲೆ ಜಿಲ್ಲಾಡಳಿತದ ಕಚೇರಿಯೂ ಮಣಿಪಾಲದ ರಜತಾದ್ರಿ ಕಟ್ಟಡಕ್ಕೆ ಏರಿತು. ಬೇಸಾಯಕ್ಕೆ ಬಾರದ ಗುಡ್ಡದ ಹೆಸರು ಇಂದು ಜೈಪುರ, ಸಿಕ್ಕಿಂ, ದುಬೈಗಳ ವಿದ್ಯಾಸಂಸ್ಥೆಗಳ ಫಲಕದಲ್ಲೂ ಇದೆ. ಆದರೆ ಅದೇ ಮಣಿಪಾಲದ ಬಹುಪಾಲು ನೆಲ ಕಂದಾಯ ದಾಖಲೆಯಲ್ಲಿ ಶಿವಳ್ಳಿ ಮತ್ತು ಹೆರ್ಗ ಗ್ರಾಮಗಳಿಗೆ ಸೇರಿದೆ. ಫ್ಲ್ಯಾಟು ಕೊಂಡವರು ನೋಂದಣಿ ಪತ್ರ ಬಿಡಿಸಿದರೆ ಮೊದಲು ಕಾಣುವುದು ಹಳ್ಳಿಯ ಹೆಸರು. ಪಕ್ಕದ ಪಂಚಾಯತಿಯ ಹೆಸರಂತೂ 80 ಬಡಗಬೆಟ್ಟು. ಉಡುಪಿಯ 76 ಬಡಗಬೆಟ್ಟಿನಿಂದ ಅದನ್ನು ಬೇರೆ ಮಾಡುವುದು ಆ ಸಂಖ್ಯೆಯೇ. ಸರ್ಕಾರಿ ಕಾಗದದಲ್ಲಿ ಸಂಖ್ಯೆ ಹೊತ್ತ ಗ್ರಾಮ ಜಾಹೀರಾತಿನಲ್ಲಿ ಮಣಿಪಾಲವಾಗುತ್ತದೆ. ಪರ್ಕಳ, ಪೆರಂಪಳ್ಳಿ, ಸರಳೇಬೆಟ್ಟುಗಳ ಕಡೆಗೂ ಮಣಿಪಾಲದ ಹೆಸರು ಚಾಚಿಕೊಳ್ಳುತ್ತ ಬಂದಿದೆ.

ಹೀಗೆ ಚಾಚಿದ ಹೆಸರು ಎಷ್ಟು ದೂರ ಹೋಗಬಲ್ಲದು? ಅರ್ಥಶಾಸ್ತ್ರಜ್ಞ ಫ್ರೆಡ್ ಹರ್ಷ್ 1976ರ ತನ್ನ ಪುಸ್ತಕದಲ್ಲಿ ಒಂದು ಬಗೆಯ ಸಂಪತ್ತನ್ನು ಬೇರೆಯಾಗಿ ಗುರುತಿಸಿದ. ಅಕ್ಕಿ ಎಲ್ಲರಿಗೂ ಸಿಕ್ಕಿದರೆ ಯಾರ ಊಟದ ರುಚಿಯೂ ಕೆಡುವುದಿಲ್ಲ. ಆದರೆ ಮೇಲಿನ ಸ್ಥಾನ ಎಂಬುದು ಉಳಿದವರು ಕೆಳಗಿದ್ದರೆ ಮಾತ್ರ ಇರುತ್ತದೆ, ಎಲ್ಲರಿಗೂ ಹಂಚಿದೊಡನೆ ಇಲ್ಲವಾಗುತ್ತದೆ. ಪ್ರತಿಷ್ಠಿತ ವಿಳಾಸ ಈ ಎರಡನೆಯ ಜಾತಿಯದು. ಸುತ್ತಲಿನ ಗ್ರಾಮಗಳೆಲ್ಲ ಮಣಿಪಾಲವಾದ ದಿನ ಆ ಹೆಸರು ಯಾರನ್ನೂ ಎತ್ತಲಾರದು. ಆಗ ಒಳಗಿನವರು ಇನ್ನೂ ಸಣ್ಣ ಗುರುತು ಹುಡುಕುತ್ತಾರೆ: ಅನಂತನಗರ, ವಿದ್ಯಾರತ್ನನಗರ, ಎಂಡ್ ಪಾಯಿಂಟ್ ರಸ್ತೆ. ವಿಳಾಸದ ಪ್ರತಿಷ್ಠೆಗೆ ಹಣದ ಲೆಕ್ಕವೂ ಉಂಟು. ನೋಂದಣಿ ಇಲಾಖೆಯ ಮಾರ್ಗಸೂಚಿ ಬೆಲೆ ಪ್ರದೇಶ ಮತ್ತು ರಸ್ತೆಯ ಹೆಸರಿನ ಮೇಲೆ ನಿಂತಿದೆ. ಕರ್ನಾಟಕದಲ್ಲಿ ಅದು 2023ರ ಅಕ್ಟೋಬರ್ 1ರಿಂದ ಪರಿಷ್ಕರಣೆಗೊಂಡಿತು. ಬಾಯಿಮಾತಿನ ಪ್ರತಿಷ್ಠೆ ಹೀಗೆ ಮುದ್ರಾಂಕ ಶುಲ್ಕವಾಗಿ, ಸಾಲದ ಮಿತಿಯಾಗಿ, ಬಾಡಿಗೆಯಾಗಿ ಗಟ್ಟಿಗೊಳ್ಳುತ್ತದೆ. ಕೇಳುವವರ ಕಿವಿಯಲ್ಲಿ ಹುಟ್ಟಿದ್ದರೂ ಅಂತಸ್ತು ಬರೀ ಭ್ರಮೆಯಲ್ಲ ಎನ್ನಬೇಕಾದದ್ದು ಈ ಕಾರಣಕ್ಕೆ.

ಹೆಸರಿನ ಅರ್ಥ ಘನವಾಗಿದ್ದರೆ ಜಾಗಕ್ಕೆ ಘನತೆ ಬರುತ್ತದೆ ಎಂಬ ನಂಬಿಕೆ ಬಡಾವಣೆ ಮಾಡುವವರಲ್ಲಿ ಬಲವಾಗಿದೆ. ಉಡುಪಿಯೇ ಅದನ್ನು ಸುಳ್ಳು ಮಾಡುತ್ತದೆ. ಅಜ್ಜರಕಾಡು ಎಂಬ ಹೆಸರಿನಲ್ಲಿ ಕಾಡೇ ಇದೆ. ಆದರೂ ಜಿಲ್ಲಾಸ್ಪತ್ರೆ, ಕ್ರೀಡಾಂಗಣಗಳಿರುವ ಆ ಭಾಗದಲ್ಲಿ ಮನೆಯಿದೆ ಎನ್ನಲು ಯಾರೂ ಹಿಂಜರಿಯುವುದಿಲ್ಲ. ಬೀಡಿನಗುಡ್ಡೆಯ ಹೆಸರಿನಲ್ಲಿ ಅರಸುಮನೆತನದ ಬೀಡು ಇದೆ. ಆದರೂ ಪೇಟೆಯವರಿಗೆ ಆ ಹೆಸರು ಬಹುಕಾಲ ಮೊದಲು ನೆನಪಿಸಿದ್ದು ಅಲ್ಲಿನ ರುದ್ರಭೂಮಿಯನ್ನು. ಕಾರ್ಕಳದ ಪಾಠ ಇನ್ನೂ ಹಳೆಯದು. 1432ರಲ್ಲಿ ಬಾಹುಬಲಿಯ ಮೂರ್ತಿಯನ್ನೂ 1586ರಲ್ಲಿ ಚತುರ್ಮುಖ ಬಸದಿಯನ್ನೂ ನಿಲ್ಲಿಸಿದ ಭೈರರಸರ ಕಾಲದಲ್ಲಿ ಆ ರಾಜಧಾನಿಗೆ ಪಾಂಡ್ಯನಗರಿ ಎಂಬ ಹೆಸರೂ ಇತ್ತು. ಅರಸು ಹೋದ ಮೇಲೆ ಆ ಹೆಸರು ಶಾಸನ ಓದುವವರ ಪಾಲಾಯಿತು. ಜನರ ಬಾಯಲ್ಲಿ ಉಳಿದದ್ದು ಕಾರ್ಕಳ, ಹಿರಿಯಂಗಡಿ, ಆನೆಕೆರೆ. ಅಧಿಕಾರ ಕೊಟ್ಟ ಹೆಸರು ಅಧಿಕಾರದಷ್ಟೇ ಕಾಲ ಬಾಳುತ್ತದೆ, ಅಂಗಡಿ, ಕೆರೆ ಕೊಟ್ಟ ಹೆಸರು ಅದಕ್ಕಿಂತ ಹೆಚ್ಚು ಕಾಲ.

ಇಷ್ಟಕ್ಕೂ ಬಡಾವಣೆಯ ಹೆಸರಿಗೆ ಇಷ್ಟು ತೂಕ ಬಂದದ್ದು ಇತ್ತೀಚೆಗೆ. ತುಳುನಾಡಿನ ಹಿಂದಿನ ಸಮಾಜದಲ್ಲಿ ಅಂತಸ್ತು ಅಂಟಿಕೊಂಡಿದ್ದದ್ದು ಮನೆಗೆ: ಗುತ್ತು, ಬೀಡು, ಬರ್ಕೆ. ಇಂದಿಗೂ ಊರಿನ ಮದುವೆಯ ಕರೆಯೋಲೆಯಲ್ಲಿ ಹೆತ್ತವರ ಹೆಸರಿನ ಕೆಳಗೆ ಮನೆಯ ಹೆಸರು, ಆಮೇಲೆ ಗ್ರಾಮ, ಅಂಚೆ, ತಾಲ್ಲೂಕು ಬರುತ್ತವೆ. ಭೂತದ ನೇಮದಲ್ಲಿ ಯಾವ ಮನೆಗೆ ಮೊದಲ ಗೌರವ ಎಂಬುದು ಆ ಹೆಸರಿನಲ್ಲಿತ್ತು. ಉಡುಪಿ ಪೇಟೆಯಲ್ಲಿ ಅಳತೆ ಬೇರೆ. ರಥಬೀದಿಗೆ ಎಷ್ಟು ಹತ್ತಿರ, ತೆಂಕುಪೇಟೆಯೋ ಬಡಗುಪೇಟೆಯೋ ಎಂಬುದರಲ್ಲಿ ಜಾತಿಯೂ ಕಸುಬೂ ತಿಳಿಯುತ್ತಿದ್ದವು. ಹುಟ್ಟಿನಿಂದ ಬಂದ ಆ ವಿಳಾಸವನ್ನು ಕೊಳ್ಳಲು ಬರುತ್ತಿರಲಿಲ್ಲ. ಹಣ ಕೊಟ್ಟರೆ ಸಿಗುವ ಫ್ಲ್ಯಾಟಿನ ವಿಳಾಸ ಅದಕ್ಕಿಂತ ಉದಾರವಾದದ್ದು ಎಂಬುದನ್ನು ಒಪ್ಪಬೇಕು. ಗುತ್ತಿನಲ್ಲಿ ಹುಟ್ಟದವನಿಗೂ ಅದು ಬಾಗಿಲು ತೆರೆದಿದೆ. ಆದರೆ ತೆರೆದದ್ದು ಹಣವಿದ್ದವನಿಗೆ ಮಾತ್ರ, ಅದೂ ಎಲ್ಲ ಕಡೆ ಅಲ್ಲ. ಬಾಡಿಗೆಗೆ ಮನೆ ಕೇಳಿದವನ ಊಟ, ಜಾತಿ, ಧರ್ಮವನ್ನು ವಿಚಾರಿಸುವ ರೂಢಿ ಹೊಸ ಬಡಾವಣೆಗಳಲ್ಲೂ ಉಳಿದಿದೆ.

ಅಂತಸ್ತು ಜಾಗದಿಂದ ಮನುಷ್ಯನಿಗೆ ಹರಿಯುತ್ತದೆ ಎಂಬ ಸಾಮಾನ್ಯ ಎಣಿಕೆಗೆ ವಿರುದ್ಧವಾದ ದಾರಿಯೂ ಒಂದಿದೆ. ಬನ್ನಂಜೆ ಉಡುಪಿಯ ಒಂದು ಸಾಧಾರಣ ಪ್ರದೇಶ. ವಿದ್ವಾಂಸ ಬನ್ನಂಜೆ ಗೋವಿಂದಾಚಾರ್ಯರಿಂದಾಗಿ (1936–2020) ಕನ್ನಡ ಓದುವವರಿಗೆಲ್ಲ ಅದು ಗೌರವದ ಹೆಸರಾಯಿತು. ಸಾಹಿತಿ ಉದ್ಯಾವರ ಮಾಧವ ಆಚಾರ್ಯರ ಹೆಸರಿನಲ್ಲಿರುವ ಉದ್ಯಾವರವೂ ಹಾಗೆಯೇ. ಊರನ್ನು ಹೆಸರಿನ ಮುಂದೆ ಇಟ್ಟುಕೊಳ್ಳುವ ಕರಾವಳಿಯ ಪದ್ಧತಿಯಲ್ಲಿ ಹೀಗೆ ಮನುಷ್ಯನ ಕೆಲಸ ಊರಿಗೆ ಬೆಲೆ ತರುತ್ತದೆ. ಈ ಬಗೆಯ ಗೌರವ ಹಂಚಿದರೆ ಕರಗುವುದಿಲ್ಲ, ಹರ್ಷ್‌ನ ಲೆಕ್ಕಕ್ಕೆ ಅದು ಸಿಗುವುದೂ ಇಲ್ಲ.

ಜಾಗದ ಹೆಸರಿನ ಅಂತಸ್ತು ಏರಿಳಿಯುವುದಕ್ಕೆ ಇದೇ ಜಿಲ್ಲೆಯ ಕಾಪುವಿನಲ್ಲಿ ಎರಡು ಸಂಗತಿಗಳನ್ನು ಗಮನಿಸಬಹುದು. ಒಂದು, ಕಾಪು, ಉಳಿಯಾರಗೋಳಿ, ಮಲ್ಲಾರು ಸೇರಿ ಪುರಸಭೆಯಾದಾಗ ಉಳಿದ ಎರಡು ಹೆಸರುಗಳು ವಾರ್ಡುಗಳ ಮಟ್ಟಕ್ಕೆ ಇಳಿದವು. ಇನ್ನೊಂದು, ಕಡಲ ಬದಿಯ ಏಳುಬೀಳು. 1901ರ ದೀಪಸ್ತಂಭದ ಸುತ್ತಲಿನ ಪಡು ಭಾಗ ಮೊಗವೀರರು ದೋಣಿ ಎಳೆದು ಬಲೆ ಒಣಗಿಸಿದ ಮರಳುದಿಣ್ಣೆ. ಉಪ್ಪುಗಾಳಿಯಿಂದಾಗಿ ಬೇರೆಯವರು ಅಲ್ಲಿ ಮನೆ ಕಟ್ಟಲು ಮನಸ್ಸು ಮಾಡುತ್ತಿರಲಿಲ್ಲ. ಈಗ ಅದೇ ಮರಳು ಬೀಚ್ ಎನಿಸಿಕೊಂಡು ಪ್ರವಾಸಿಗಳನ್ನು ಕರೆಯುತ್ತಿದೆ. ಕಡಲು ಕೊರೆಯುವ ದಡದಲ್ಲಿ ಮಳೆಗಾಲ ಕಳೆದವರಿಗೆ ಆ ಬೆಲೆಯಲ್ಲಿ ಎಷ್ಟು ಪಾಲು ಸಿಕ್ಕಿತು ಎಂಬುದು ನ್ಯಾಯದ ಪ್ರಶ್ನೆ.

ಅಂತಸ್ತಿನ ಇನ್ನೊಂದು ತುದಿ ಅವಮಾನ. ಕಾಲನಿ ಎಂಬುದು ಬೆಂಗಳೂರಿನಲ್ಲಿ ಬ್ಯಾಂಕ್ ನೌಕರರ, ಅಧಿಕಾರಿಗಳ ವಸತಿಗೂ ಇರುವ ಮಾತು. ಕರಾವಳಿಯ ಹಳ್ಳಿಗಳಲ್ಲಿ ಅದು ಬಹುಮಟ್ಟಿಗೆ ದಲಿತರ, ಕೊರಗರ ಮನೆಗಳಿರುವ ಜಾಗ. ಸರ್ಕಾರ ನಿವೇಶನ ಕೊಟ್ಟ ಜಾಗಕ್ಕೆ ಐದು ಸೆಂಟ್ಸ್ ಕಾಲನಿ ಎಂಬ ಹೆಸರೇ ಉಳಿದುಬಿಡುತ್ತದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಮಗುವಿನ ವಿಳಾಸವಾಗಿ ಅದು ದಾಖಲಾದರೆ, ಆ ಮನೆಗೆ ಸಿಕ್ಕ ನೆಲದ ಅಳತೆಯೂ ಜಾತಿಯ ಸುಳಿವೂ ಜೊತೆಗೇ ದಾಖಲಾಗುತ್ತವೆ. ಗಡಿಯಾಚೆಯ ಕಾಸರಗೋಡಿನ ಕನ್ನಡಿಗರನ್ನೂ ಒಳಗೊಂಡ ಕೇರಳದಲ್ಲಿ 2024ರ ಜೂನ್‌ನಲ್ಲಿ ಸಚಿವ ಕೆ. ರಾಧಾಕೃಷ್ಣನ್ ಸ್ಥಾನ ಬಿಡುವ ಮುನ್ನ ಹೊರಡಿಸಿದ ಆದೇಶ ಕಾಲನಿ ಎಂಬ ಪದವನ್ನು ಪರಿಶಿಷ್ಟರ ವಸತಿಗಳಿಗೆ ಬಳಸದಂತೆ ಹೇಳಿತು. ಮಹಾರಾಷ್ಟ್ರ ಸಂಪುಟ 2020ರ ಡಿಸೆಂಬರ್‌ನಲ್ಲಿ ಜಾತಿಯ ಹೆಸರು ಹೊತ್ತ ಕೇರಿಗಳಿಗೆ ಬೇರೆ ಹೆಸರಿಡಲು ನಿರ್ಧರಿಸಿತು.

ಹೆಸರು ಬದಲಾದರೆ ಬದುಕು ಬದಲಾಗದು, ನೀರಿನ ನಳ್ಳಿ, ರಸ್ತೆ, ಹಕ್ಕುಪತ್ರ ಮೊದಲು ಸಿಗಲಿ ಎಂಬುದು ಇದಕ್ಕೆ ಎದುರಾಗುವ ಆಕ್ಷೇಪ. ಅದರಲ್ಲಿ ಅರ್ಧ ಸತ್ಯವಿದೆ. ಅಂತಸ್ತು ಕೇಳುವವರ ನೆನಪಿನಲ್ಲಿ ಇರುವುದಾದರೆ ಹೊಸ ಹೆಸರನ್ನೂ ಆ ನೆನಪು ಬೇಗನೆ ಹಿಂಬಾಲಿಸುತ್ತದೆ. ಕಾಲನಿಯ ಬದಲಿಗೆ ಇಟ್ಟ ನಗರ ಎಂಬ ಪದವೇ ನಾಳೆ ಅದೇ ಸುಳಿವು ಕೊಡಬಹುದು. ಆದರೂ ಬದಲಾವಣೆ ವ್ಯರ್ಥವಲ್ಲ. ಕಾಲನಿ ಎಂಬ ಹೆಸರು ಅಲ್ಲಿರುವವರು ಇಟ್ಟುಕೊಂಡದ್ದಲ್ಲ, ಅವರ ಮೇಲೆ ಹೇರಿದ್ದು. ಅದು ನೆಲದ ಬಗ್ಗೆ ಏನನ್ನೂ ತಿಳಿಸುವುದಿಲ್ಲ, ತಿಳಿಸುವುದು ಬೇರೆಯವರು ಆ ಜನರನ್ನು ಎಲ್ಲಿ ಇಟ್ಟರು ಎಂಬುದನ್ನು ಮಾತ್ರ. ಅಂಥದನ್ನು ಕಿತ್ತುಹಾಕಿದರೆ ತಿಳಿವಳಿಕೆಯ ನಷ್ಟ ಯಾರಿಗೂ ಇಲ್ಲ.

ಬೈಲು ಗದ್ದೆಗೆ ಮಣ್ಣು ತುಂಬಿಸಿ ನಗರ, ಲೇಔಟ್ ಎಂದು ಫಲಕ ಹಾಕುವುದು ಹಾಗಲ್ಲ. ಇಲ್ಲಿ ಅಳಿಸಿಹೋಗುವುದು ನೀರಿನ ದಾರಿಯ ಮಾಹಿತಿ. 2020ರ ಸೆಪ್ಟೆಂಬರ್ ಮಳೆಗೆ ಕಲ್ಸಂಕ, ಬೈಲಕೆರೆ, ಗುಂಡಿಬೈಲುಗಳ ಮನೆಗಳಿಗೆ ನೀರು ನುಗ್ಗಿ ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. ಮೂರು ಹೆಸರುಗಳಲ್ಲೂ ನೀರಿನ ಸುದ್ದಿ ಮೊದಲೇ ಇದೆ: ಸಂಕ (ಕಿರುಸೇತುವೆ), ಕೆರೆ, ಬೈಲು. ಹೆಸರು ಇನ್ನೂ ಅನ್ವರ್ಥವಾಗಿದ್ದರೂ ಸೈಟು ಕೊಳ್ಳುವ ಹೊತ್ತಿಗೆ ಅದನ್ನು ಅಂಕಿತವಾಗಿ ಮಾತ್ರ ಓದಲಾಗಿತ್ತು. ಮಿಲ್ ಹೇಳಿದಂತೆ ನದಿ ದೂರ ಸರಿದರೆ ಹೆಸರು ಬರಿಯ ಗುರುತು. ಆ ಭಾಗದಲ್ಲಿ ಹರಿಯುವ ಇಂದ್ರಾಣಿ ತೋಡು ಸರಿದಿಲ್ಲ, ಅದರ ಅಗಲ ಕಿರಿದಾಗಿದೆ ಅಷ್ಟೆ. ಗುಂಡಿಬೈಲು ಎಂಬ ಹೆಸರಿಗೆ ನಾಚಿ ಅದನ್ನು ಬಿಟ್ಟುಬಿಟ್ಟರೆ ಮುಂದಿನ ಕೊಳ್ಳುವವನಿಗೆ ಆ ಎಚ್ಚರಿಕೆಯೂ ಸಿಗುವುದಿಲ್ಲ.

ಆದ್ದರಿಂದ ಹೆಸರು ಬದಲಿಸುವ ಪ್ರಶ್ನೆ ಬಂದಲ್ಲೆಲ್ಲ ಎರಡನ್ನು ವಿಚಾರಿಸಬೇಕಾಗುತ್ತದೆ: ಹಳೆಯ ಹೆಸರನ್ನು ಇಟ್ಟವರು ಯಾರು, ಅದರಲ್ಲಿ ಇರುವ ಸುದ್ದಿ ನೆಲದ್ದೋ ಜನರದ್ದೋ. ಈ ವಿಚಾರಣೆಗೆ ಆಡಳಿತದಲ್ಲಿ ಈಗಾಗಲೇ ಜಾಗವಿದೆ. ಬಡಾವಣೆಯ ನಕ್ಷೆಗೆ ಅನುಮೋದನೆ ಕೊಡುವಾಗ ಗ್ರಾಮದ ಹೆಸರನ್ನು, ಸರ್ವೆ ನಂಬರನ್ನು ಹೇಗೂ ಬರೆಯಲಾಗುತ್ತದೆ. ಆ ತುಂಡು ನೆಲಕ್ಕೆ ಊರವರು ಕರೆಯುತ್ತಿದ್ದ ಗದ್ದೆಯ ಹೆಸರನ್ನೂ ಜೊತೆಗೆ ದಾಖಲಿಸಿ ಫಲಕದಲ್ಲಿ ಉಳಿಸಿಕೊಳ್ಳುವುದಕ್ಕೆ ಹೆಚ್ಚಿನ ಖರ್ಚಿಲ್ಲ. ಕಾಲನಿಗಳ ವಿಷಯದಲ್ಲಿ ಕೇರಳದ ಆದೇಶ ವ್ಯಕ್ತಿಗಳ ಹೆಸರು ಇಡುವುದನ್ನು ಆದಷ್ಟು ತಪ್ಪಿಸಿ, ಸ್ಥಳೀಯರು ಒಪ್ಪುವ ಹೆಸರುಗಳಿಗೆ ಅವಕಾಶ ಕೊಟ್ಟಿದೆ. ಉಡುಪಿ, ಕಾಪು, ಕಾರ್ಕಳದ ಸ್ಥಳೀಯ ಸಂಸ್ಥೆಗಳಲ್ಲಿ ಅಂಥ ಪ್ರಸ್ತಾಪ ಬಂದಾಗ ಹೆಸರನ್ನು ಆರಿಸುವ ಹಕ್ಕು ಅಲ್ಲಿ ವಾಸಿಸುವ ಮನೆಗಳವರಿಗೇ ಇರಬೇಕು, ಆ ಸಭೆ ಅವರ ಅಂಗಳದಲ್ಲೇ ಸೇರಬೇಕು.