ಸಂತೋಷದ ಬಂಡಿಯನ್ನು ಎಳೆಯುವವರು

ಮುಂಬಯಿಯಂತಹ ಮಹಾನಗರದಲ್ಲಿ ನೆಲೆಸಿದ ನಮಗೆ ರಜೆಯ ದಿನವೆಂದರೆ ಒಂದು ಸಣ್ಣ ಹಬ್ಬವೇ ಸರಿ. ವಾರದ ಆರು ದಿನ ಲೋಕಲ್ ಗಾಡಿಯಲ್ಲಿ ಒಂಟಿಕಾಲಿನಲ್ಲಿ ನಿಂತು ಪ್ರಯಾಣ ಮಾಡಿ, ಕಚೇರಿಯ ಕಡತಗಳ ನಡುವೆಯೋ ಹೋಟೆಲಿನ ಗಲ್ಲಾದ ಹಿಂದೆಯೋ ಹಗಲನ್ನು ಕಳೆದು, ರಾತ್ರಿ ಮನೆಗೆ ಬಂದಾಗ ನಿದ್ರಿಸುತ್ತಿರುವ ಮಕ್ಕಳ ಮುಖವನ್ನು ಮಾತ್ರ ಕಾಣುವ ಗೃಹಸ್ಥನು ಏಳನೆಯ ದಿನ ಮಡದಿ ಮಕ್ಕಳೊಡನೆ, ಬಂಧುಮಿತ್ರರೊಡನೆ ಎಲ್ಲಿಗಾದರೂ ಹೋಗಿಬರಬೇಕೆಂದು ಬಯಸಿದರೆ ಅದರಲ್ಲಿ ತಪ್ಪೇನಿದೆ? ವಿಹಾರವೆಂಬುದು ವ್ಯರ್ಥ ಕಾಲಹರಣ, ಆ ಹೊತ್ತಿನಲ್ಲಿ ಒಂದು ಅಧ್ಯಾಯ ಪಾರಾಯಣ ಮಾಡಬಹುದಿತ್ತು ಎಂದು ಹೇಳುವ ಹಿರಿಯರುಂಟು. ಅವರ ಮಾತಿನಲ್ಲಿ ಕಳಕಳಿಯಿದೆ. ಆದರೂ ನಾವು ಅದನ್ನು ಪೂರ್ತಿಯಾಗಿ ಒಪ್ಪಲಾರೆವು. ಆನಂದವು ಸಾತ್ತ್ವಿಕ ಜೀವನ ಸ್ವರೂಪದಲ್ಲೇ ಇದೆ ಎಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ಹಾಗಿರುವಾಗ ಸಂತೋಷವನ್ನು ಬಯಸುವುದೇ ದೋಷವೆನ್ನುವುದು ಹೇಗೆ? ವಿಚಾರಿಸಬೇಕಾದ ಪ್ರಶ್ನೆ ಬೇರೆಯೇ ಇದೆ. ನಮ್ಮ ಸಂತೋಷದ ಬಂಡಿಯನ್ನು ಎಳೆಯುವವರು ಯಾರು? ಅವರಿಗೂ ಆ ಬಂಡಿಯಲ್ಲಿ ಒಂದು ದಿನ ಕುಳಿತುಕೊಳ್ಳುವ ಭಾಗ್ಯವಿದೆಯೇ?

ಈ ಪ್ರಶ್ನೆ ನಮಗೆ ಗ್ರಂಥದಿಂದ ಹುಟ್ಟಿದ್ದಲ್ಲ. ಒಂದು ವಿಹಾರದ ದಿನವೇ ಹುಟ್ಟಿದ್ದು.

ನಾವು ಕುರ್ಲಾದಲ್ಲಿ ಸಂಸಾರ ಹೂಡಿ ಹಲವು ದಶಕಗಳಾದವು. ಪ್ರಯಾಣಕ್ಕೂ ಈ ಊರಿಗೂ ಹಳೆಯ ನಂಟು. ದೇಶದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಹೊರಟು ಬಂದು ನಿಂತದ್ದು ಕುರ್ಲಾದಲ್ಲಿಯೇ. ಕೊಂಕಣ ರೈಲ್ವೆಯು 1998ರಲ್ಲಿ ಪೂರ್ಣಗೊಂಡ ಮೇಲೆ ನಮ್ಮನ್ನು ಊರಿಗೆ ಕರೆದೊಯ್ಯತೊಡಗಿದ ಮತ್ಸ್ಯಗಂಧಾ ಗಾಡಿ ಹೊರಡುವುದೂ ಇಲ್ಲಿಯ ಟರ್ಮಿನಸ್‌ನಿಂದಲೇ. ಮಧ್ಯ ರೈಲ್ವೆಯ ಮುಖ್ಯ ಮಾರ್ಗವೂ ಹಾರ್ಬರ್ ಮಾರ್ಗವೂ ಇಲ್ಲಿ ಕೂಡುವುದರಿಂದ, ಚೆಂಬೂರಿನವರಾಗಲಿ ಮುಲುಂದಿನವರಾಗಲಿ, ಮಿತ್ರರೆಲ್ಲ ಸೇರಿ ಹೊರಡುವುದೆಂದರೆ ಕುರ್ಲಾ ಸ್ಟೇಷನ್ನಿನ ಸೇತುವೆಯ ಕೆಳಗೇ ಎಂಬುದು ನಮ್ಮ ಬಳಗದಲ್ಲಿ ರೂಢಿಯಾಗಿತ್ತು. ಹಾಗೆ ಸೇರಿಕೊಂಡು ಎಲಿಫೆಂಟಾ ನೋಡಿದ್ದೇವೆ; ಬೊರಿವಿಲಿಯ ಕಾಡಿನೊಳಗಿನ ಕಾನ್ಹೇರಿ ಗುಹೆಗಳನ್ನು ಹತ್ತಿದ್ದೇವೆ; ಟಿಟ್ವಾಳದ ಗಣಪತಿಯ ದರ್ಶನ ಪಡೆದಿದ್ದೇವೆ.

1994ರ ಡಿಸೆಂಬರಿನಲ್ಲಿ ಐದು ಮನೆಯವರು ಸೇರಿ ಮಾಥೇರಾನಿಗೆ ಹೊರಟೆವು. ಊರಿನಿಂದ ಬಂದು ನಮ್ಮಲ್ಲಿದ್ದ ತಾಯಿಯವರು ಮೊದಲು ಒಲ್ಲೆನೆಂದರೂ ಮೊಮ್ಮಕ್ಕಳ ಒತ್ತಾಯಕ್ಕೆ ಮಣಿದರು. ಹಿಂದಿನ ರಾತ್ರಿ ಹನ್ನೊಂದರವರೆಗೆ ಕೋಡುಬಳೆ ಕರಿದ ಮನೆಯವರು ಬೆಳಗಿನ ಮೂರು ಗಂಟೆಗೆ ಮತ್ತೆ ಎದ್ದು ಚಿತ್ರಾನ್ನ, ಮೊಸರನ್ನಗಳ ಬುತ್ತಿ ಕಟ್ಟಿದ್ದರು. ಕರ್ಜತ್ ಲೋಕಲಿನಲ್ಲಿ ಮಕ್ಕಳೆಲ್ಲ ಕಿಟಕಿಗಾಗಿ ಜಗಳವಾಡುತ್ತಿದ್ದಾಗ ಅವರು ಮೂಲೆಯಲ್ಲಿ ಕುಳಿತೇ ನಿದ್ರಿಸುತ್ತಿದ್ದರು. ‘ಅತ್ತಿಗೆಗೆ ರೈಲಿನಲ್ಲಿ ಕುಳಿತರೆ ಸಾಕು, ನಿದ್ದೆ’ ಎಂದು ಯಾರೋ ಹಾಸ್ಯ ಮಾಡಿದರು. ನಾವೂ ನಕ್ಕೆವು. ಆ ನಗುವಿನ ನೆನಪು ಈಗ ನಮಗೆ ಹಿತವಾಗಿಲ್ಲ.

ನೇರಳ್‌ನಿಂದ ಬೆಟ್ಟ ಹತ್ತಿದರೆ ದಸ್ತೂರಿ ನಾಕಾದ ಆಚೆಗೆ ಮೋಟಾರು ವಾಹನಗಳು ಹೋಗುವಂತಿಲ್ಲ. ಆ ನಿರ್ಬಂಧದಿಂದಲೇ ಆ ಗಿರಿಧಾಮಕ್ಕೆ ಅದರ ನಿರ್ಮಲವಾದ ಗಾಳಿ ಉಳಿದಿದೆ. ಆಗ ನಡೆಯಬಲ್ಲವರು ನಡೆಯುತ್ತಿದ್ದರು; ಉಳಿದವರಿಗೆ ಕುದುರೆ, ಇಲ್ಲವೇ ಮನುಷ್ಯರು ಎಳೆಯುವ ಕೈಗಾಡಿ ಇರುತ್ತಿತ್ತು. ಮಂಡಿನೋವಿದ್ದ ತಾಯಿಯವರನ್ನು ಅಂತಹ ಒಂದು ಗಾಡಿಯಲ್ಲಿ ಕೂರಿಸಿದೆವು. ಮುಂದೆ ಎಳೆಯಲು ಐವತ್ತರ ಸಮೀಪದ ಒಬ್ಬಾತ, ಹಿಂದೆ ತಳ್ಳಲು ಒಬ್ಬ ತರುಣ. ‘ನಮ್ಮೂರಿನ ಹಾಗೆಯೇ ಕೆಂಪು ಮಣ್ಣು’ ಎಂದು ಸಂತೋಷದಿಂದ ಹೊರಟ ತಾಯಿಯವರು ಮೊದಲ ಏರಿನಲ್ಲಿಯೇ ಮೌನವಾದರು. ಎಳೆಯುವವನ ಬೆನ್ನು ಅವರ ಕಣ್ಣ ಮುಂದೆಯೇ ಇತ್ತು. ಅಂಗಿ ಬೆವರಿನಿಂದ ತೊಯ್ದು, ಕಾಲುಗಳು ಆ ಕೆಂಪು ಧೂಳಿನಲ್ಲಿ ಹೂತು ಹೂತು ಏಳುತ್ತಿದ್ದವು.

‘ಗಾಡಿ ನಿಲ್ಲಿಸು, ನಾನು ಇಳಿಯುತ್ತೇನೆ’ ಎಂದರು ತಾಯಿಯವರು. ಗಾಡಿ ನಿಂತಿತು. ಆದರೆ ಆತನ ಮುಖದಲ್ಲಿ ಕಂಡದ್ದು ಕೃತಜ್ಞತೆಯಲ್ಲ, ಗಾಬರಿ. ‘ಇಳಿಯಬೇಡಿ, ಆಯೀ. ನಮ್ಮಿಂದ ಏನು ತಪ್ಪಾಯಿತು? ಇವತ್ತು ಇದೇ ಮೊದಲ ಬಾಡಿಗೆ’ ಎಂದು ಮರಾಠಿಯಲ್ಲಿ ಬೇಡಿಕೊಂಡನು. ಪೂರ್ತಿ ಹಣವನ್ನು ಕೊಡುತ್ತೇವೆಂದು ನಾವು ಹೇಳಿದೆವು. ಆತ ತಲೆಯಾಡಿಸಿದನು. ಎಳೆಯದೆ ಹಣ ಪಡೆಯಲು ಅವನಿಗೆ ಮನಸ್ಸಿರಲಿಲ್ಲ. ತಾಯಿಯವರು ಕ್ಷಣಕಾಲ ಅವನನ್ನೇ ನೋಡಿ ಮತ್ತೆ ಗಾಡಿಯಲ್ಲಿ ಕುಳಿತರು. ಆದರೆ ಪ್ರತಿಯೊಂದು ಏರಿನ ಬುಡದಲ್ಲೂ ಗಾಡಿ ನಿಲ್ಲಿಸಿ, ಇಬ್ಬರಿಗೂ ನೀರು ಕೊಟ್ಟು, ಉಸಿರು ಹದಕ್ಕೆ ಬಂದ ಮೇಲೆಯೇ ಮುಂದೆ ಹೋಗಗೊಟ್ಟರು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ, ಮಡಿಮೈಲಿಗೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟಾಗಿದ್ದ ಅವರು ಆ ಇಬ್ಬರನ್ನೂ ಕರೆಸಿ, ಮರದ ನೆರಳಿನಲ್ಲಿ ಕೂರಿಸಿ, ಅವರಿಗೆ ಬಡಿಸಿದ ಮೇಲೆ ನಮಗೆ ಬಡಿಸಿದರು. ಅತಿಥಿ ಉಣ್ಣುವ ಮೊದಲು ಮನೆಯವರು ಉಣ್ಣಬಾರದೆಂಬುದು ಅವರಿಗೆ ತಿಳಿದಿದ್ದ ಧರ್ಮ. ಅದನ್ನು ಬೆಟ್ಟದ ಮೇಲೆಯೂ ಬಿಡಲಿಲ್ಲ.

ತಾಯಿಯವರು ಮಾಡಿದ್ದು ಸರಿಯೇ? ಈ ಕುರಿತು ನಮ್ಮ ಬಳಗದಲ್ಲಿ ಅನೇಕ ಬಾರಿ ಚರ್ಚೆಯಾಗಿದೆ. ಒಬ್ಬ ಮಿತ್ರರು, ‘ಮನುಷ್ಯನು ಮನುಷ್ಯನನ್ನು ಎಳೆಯುವುದು ಅಧರ್ಮವಾದರೆ ಮತ್ತೆ ಹತ್ತಬಾರದಿತ್ತು’ ಎನ್ನುತ್ತಾರೆ. ಇನ್ನೊಬ್ಬರು, ‘ಹತ್ತದಿದ್ದರೆ ಅವನ ಮನೆಯಲ್ಲಿ ಅಂದು ಒಲೆ ಉರಿಯುತ್ತಿರಲಿಲ್ಲ, ಕೂಲಿ ಕೊಟ್ಟ ಮೇಲೆ ಪಾಪದ ಮಾತೆಲ್ಲಿ?’ ಎಂದು ವಾದಿಸುತ್ತಾರೆ. ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿದೆ. ಕೂಲಿ ಕೊಟ್ಟರೆ ಋಣ ತೀರಿತೆನ್ನುವುದು ಲೆಕ್ಕದ ಪುಸ್ತಕಕ್ಕೆ ಸರಿ. ಆದರೆ ಬೇರೆ ದಾರಿಯಿಲ್ಲದವನು ಒಪ್ಪಿದ ಕೂಲಿಯು ಅವನ ಸಮ್ಮತಿಯೆಂದು ಹೇಗೆ ಹೇಳುವುದು? ಹಾಗೆಂದು ಗಾಡಿಯಿಂದ ಇಳಿದು ನಮ್ಮ ಮನಸ್ಸನ್ನು ಹಗುರ ಮಾಡಿಕೊಂಡರೆ ಅವನ ಹೊಟ್ಟೆಯೂ ಹಗುರವಾಗುತ್ತದೆ. ತನ್ನ ಮನಸ್ಸಿನ ನೆಮ್ಮದಿಗಾಗಿ ತೋರುವ ಕರುಣೆಯಲ್ಲೂ ಒಂದು ಸ್ವಾರ್ಥವಿದೆ.

ಈ ಕಗ್ಗಂಟನ್ನು ಬಿಡಿಸಲು ಒಬ್ಬ ಪ್ರಯಾಣಿಕನ ಒಳ್ಳೆಯತನ ಸಾಲದೆಂಬುದನ್ನು ಮಾಥೇರಾನಿನ ಮುಂದಿನ ಇತಿಹಾಸವೇ ತೋರಿಸಿತು. ಎಳೆಯುವವರ ಸಂಘಟನೆಯೇ ಬ್ಯಾಟರಿ ರಿಕ್ಷಾಗಳಿಗೆ ಅನುಮತಿ ಬೇಕೆಂದು ನ್ಯಾಯಾಲಯದ ಮೊರೆಹೊಕ್ಕಿತು. 2022ರ ಡಿಸೆಂಬರಿನಲ್ಲಿ ಅಂತಹ ಕೆಲವು ಗಾಡಿಗಳು ಪ್ರಾಯೋಗಿಕವಾಗಿ ಓಡತೊಡಗಿದವು. ಕುದುರೆಯವರು ತಮ್ಮ ಜೀವನೋಪಾಯಕ್ಕೆ ಧಕ್ಕೆಯೆಂದು ವಿರೋಧಿಸಿದರು. ಅವರ ಅಳಲೂ ಸುಳ್ಳಲ್ಲ. ಕಡೆಗೆ 2025ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಮನುಷ್ಯರು ಎಳೆಯುವ ಗಾಡಿಯು ಮಾನವ ಘನತೆಗೆ ವಿರುದ್ಧವಾದುದೆಂದು ಹೇಳಿ, ಆರು ತಿಂಗಳೊಳಗೆ ಅದನ್ನು ನಿಲ್ಲಿಸಬೇಕೆಂದೂ, ಎಳೆಯುತ್ತಿದ್ದವರಿಗೇ ಬ್ಯಾಟರಿ ರಿಕ್ಷಾಗಳನ್ನು ಒದಗಿಸುವ ಯೋಜನೆ ರೂಪಿಸಬೇಕೆಂದೂ, ಹಣವಿಲ್ಲವೆಂಬ ನೆಪ ಸಲ್ಲದೆಂದೂ ಆದೇಶಿಸಿತು. ಅಷ್ಟರಲ್ಲಿ ಸ್ವಾತಂತ್ರ್ಯ ಬಂದು 78 ವರ್ಷಗಳಾಗಿದ್ದವು. ನಮ್ಮ ಮಿತ್ರರಿಬ್ಬರ ವಾದಕ್ಕೂ ಈ ಆದೇಶದಲ್ಲಿ ಉತ್ತರವಿದೆ: ಹೊರೆಯನ್ನು ಇಳಿಸಬೇಕು, ಅನ್ನವನ್ನು ಉಳಿಸಬೇಕು. ಎರಡರಲ್ಲಿ ಒಂದನ್ನು ಮಾತ್ರ ಮಾಡಿದರೆ ಧರ್ಮ ಕುಂಟುತ್ತದೆ.

ಮಾಥೇರಾನಿನ ಗಾಡಿ ಕಣ್ಣಿಗೆ ಕಾಣುವಂಥದು. ಕಾಣದ ಗಾಡಿಗಳೆಷ್ಟೋ! ಮುಂಬಯಿಗೆ ಬಂದ ನಮ್ಮ ಹಿರಿಯರಲ್ಲಿ ಅನೇಕರು ಎಳವೆಯಲ್ಲಿ ಹೋಟೆಲಿನ ಮಾಣಿಗಳಾಗಿ ಬಂದವರು. ಹಗಲೆಲ್ಲ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು ಮೇಲೆ ಬಂದವರು. ಊರೆಲ್ಲ ಹಬ್ಬ ಮಾಡುವ ದಿನವೇ ಹೋಟೆಲಿನಲ್ಲಿ ಕೆಲಸ ಹೆಚ್ಚೆಂಬುದನ್ನು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆದರೂ ನಮ್ಮ ಮನೆಯ ಮದುವೆ ಮುಂಜಿಗಳಲ್ಲಿ ಮೂರನೆಯ ಪಂಕ್ತಿ ಎದ್ದು ಅತಿಥಿಗಳೆಲ್ಲ ತಾಂಬೂಲ ಪಡೆದು ಹೋದ ಮೇಲೆ, ಸಂಜೆಯ ನಾಲ್ಕು ಗಂಟೆಗೆ, ತಣ್ಣಗಾದ ಸಾರಿನೊಂದಿಗೆ ಎಲೆಯ ಮುಂದೆ ಕೂರುವ ಅಡಿಗೆಯವರನ್ನೂ ಬಡಿಸುವವರನ್ನೂ ನಮ್ಮಲ್ಲಿ ಎಷ್ಟು ಮಂದಿ ನೋಡಿದ್ದೇವೆ? ಈಗ ವಿಹಾರದ ರೂಪವೂ ಬದಲಾಗಿದೆ. 2011ರಲ್ಲಿ ನಮ್ಮ ಕುರ್ಲಾದಲ್ಲಿಯೇ ದೊಡ್ಡ ಮಾಲ್ ತೆರೆದ ಮೇಲೆ ಮಕ್ಕಳಿಗೆ ಅದೇ ಎಲಿಫೆಂಟಾ, ಅದೇ ಮಾಥೇರಾನ್. ಅಂಗಡಿಗಳಲ್ಲಿ ದಿನವಿಡೀ ನಿಂತೇ ಕೆಲಸ ಮಾಡುವವರಿಗೆ ಕುಳಿತುಕೊಳ್ಳಲು ಆಸನವಿರಬೇಕೆಂದು ಕೇರಳವು 2018ರಲ್ಲಿಯೂ ತಮಿಳುನಾಡು 2021ರಲ್ಲಿಯೂ ಕಾನೂನನ್ನೇ ಮಾಡಬೇಕಾಯಿತು. ಕುಳಿತುಕೊಳ್ಳುವುದಕ್ಕೂ ಕಾನೂನು ಬೇಕಾಯಿತೆಂದರೆ, ಕೊಳ್ಳಲು ಹೋದವರ ಕಣ್ಣು ಎಲ್ಲಿತ್ತು ಎಂದು ಕೇಳಿಕೊಳ್ಳಬೇಕಾಗುತ್ತದೆ.

ಜಗತ್ತು ಮಿಥ್ಯೆಯಲ್ಲ, ಸತ್ಯ ಎಂದು ನಂಬಿದವರು ನಾವು. ಜಗತ್ತು ಸತ್ಯವಾದರೆ ಎಳೆಯುವವನ ಬೆವರೂ ಸತ್ಯ, ನಿಂತವಳ ಕಾಲುನೋವೂ ಸತ್ಯ. ನಮ್ಮ ಸಂತೋಷವನ್ನು ಮಾತ್ರ ಸತ್ಯವೆಂದು ಎಣಿಸಿ ಉಳಿದುದನ್ನು ಕಾಣದಂತಿರಲು ನಮ್ಮ ಸಿದ್ಧಾಂತದಲ್ಲಿ ಅವಕಾಶವಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ‘ಸೇವೆಯಲ್ಲಿಯೂ ಸುಖವಿಲ್ಲವೇ? ನಮ್ಮ ತಾಯಂದಿರು ನಾಲ್ಕು ಜನರಿಗೆ ಬಡಿಸುವುದರಲ್ಲಿಯೇ ಸಂತೋಷ ಕಾಣುವವರು. ಅದನ್ನು ಹೊರೆಯೆಂದು ಕರೆಯುವುದು ಅವರಿಗೆ ಮಾಡುವ ಅವಮಾನವಲ್ಲವೇ?’ ಈ ಮಾತು ತೆಗೆದುಹಾಕುವಂಥದಲ್ಲ. ಬಡಿಸುವ ಕೈಗೆ ಸಿಗುವ ತೃಪ್ತಿ ಉಣ್ಣುವ ಬಾಯಿಗೆ ಸಿಗದು ಎಂಬುದು ನಿಜ. ಆದರೆ ಸೇವೆಗೂ ಹೊರೆಗೂ ಇರುವ ಅಂತರವನ್ನು ತಿಳಿಯಲು ಒಂದು ಸುಲಭವಾದ ಪರೀಕ್ಷೆಯುಂಟು. ‘ಈ ಸಲ ನನ್ನಿಂದಾಗದು’ ಎಂದು ಅವರು ಹೇಳಿದರೆ ಮನೆಯಲ್ಲಿ ಯಾರ ಮುಖವೂ ಸಪ್ಪಗಾಗುವುದಿಲ್ಲವೇ? ಆಗದಿದ್ದರೆ ಅದು ಸೇವೆ. ‘ಆಗದು’ ಎಂಬ ಮಾತನ್ನು ಆಡುವುದೇ ಅಸಾಧ್ಯವಾಗಿದ್ದರೆ, ಅದಕ್ಕೆ ಸೇವೆಯೆಂಬ ಹೆಸರಿಟ್ಟು ನಾವು ನಮ್ಮನ್ನೇ ವಂಚಿಸಿಕೊಳ್ಳುತ್ತಿದ್ದೇವೆ. ಕರ್ಜತ್ ಲೋಕಲಿನ ಮೂಲೆಯಲ್ಲಿ ನಿದ್ರಿಸುತ್ತಿದ್ದ ನಮ್ಮ ಮನೆಯವರು ಅಂದು ಬೆಟ್ಟದ ಮೇಲೆ ಏನನ್ನು ನೋಡಿದರೆಂದು ಬಹುಕಾಲದ ಮೇಲೆ ಕೇಳಿದೆವು. ‘ಡಬ್ಬಿಗಳನ್ನು ಎಣಿಸಿಕೊಂಡದ್ದು ನೆನಪಿದೆ’ ಎಂದರು. ಕೋಪದಿಂದ ಹೇಳಿದ ಮಾತಲ್ಲ, ಆದುದರಿಂದಲೇ ನಾಟಿತು. ನಮ್ಮ ಪಾಲಿಗೆ ಸ್ಮರಣೀಯವಾದ ದಿನ ಅವರ ಪಾಲಿಗೆ ಡಬ್ಬಿಗಳ ಲೆಕ್ಕವಾಗಿತ್ತು.

ಶ್ರೀಮದ್ಭಾಗವತದ ದಶಮಸ್ಕಂಧದಲ್ಲಿ ಒಂದು ವನಭೋಜನದ ಪ್ರಸಂಗವಿದೆ. ಯಮುನೆಯ ಮರಳ ದಂಡೆಯಲ್ಲಿ ಗೋಪಬಾಲಕರು ಶ್ರೀಕೃಷ್ಣನ ಸುತ್ತಲೂ ಕುಳಿತು ತಂತಮ್ಮ ಬುತ್ತಿಗಳನ್ನು ಬಿಚ್ಚಿ, ಒಬ್ಬರ ರುಚಿಯನ್ನು ಇನ್ನೊಬ್ಬರಿಗೆ ತೋರಿಸುತ್ತ ನಕ್ಕು ನಲಿಯುತ್ತ ಉಣ್ಣುತ್ತಾರೆ. ಅಲ್ಲಿ ಬಡಿಸುವುದಕ್ಕೆಂದೇ ನಿಂತವನು ಒಬ್ಬನೂ ಇಲ್ಲ. ಅಷ್ಟರಲ್ಲಿ ಕರುಗಳು ದೂರ ಹೋಗಿಬಿಡುತ್ತವೆ; ಬಾಲಕರು ಹೆದರುತ್ತಾರೆ. ಆಗ ಸ್ವಾಮಿಯು ಮಾಡಿದ್ದೇನು? ಗೆಳೆಯರು ಊಟ ನಿಲ್ಲಿಸಬೇಕಾಗಿಲ್ಲವೆಂದು ಹೇಳಿ, ಕೈಯಲ್ಲಿದ್ದ ತುತ್ತಿನೊಡನೆ ತಾನೇ ಎದ್ದು ಕರುಗಳನ್ನು ಹುಡುಕಲು ಹೊರಟನು. ಮುಂದೆ ಬ್ರಹ್ಮದೇವರ ಪ್ರಸಂಗ ಬರುವುದರಿಂದ ಈ ಸಣ್ಣ ವಿಷಯ ನಮ್ಮ ಗಮನದಿಂದ ಜಾರಿಹೋಗುತ್ತದೆ. ಆ ಪಂಕ್ತಿಯಲ್ಲಿ ಎಲ್ಲರಿಗಿಂತ ದೊಡ್ಡವನು ಯಾರೋ ಅವನೇ ಮೊದಲು ಎದ್ದನು. ನಮ್ಮ ಪಂಕ್ತಿಗಳಲ್ಲಿ ಏಳುವವರು ಯಾರು? ಬಹುತೇಕ ಎಲ್ಲರಿಗಿಂತ ಹೆಚ್ಚು ದಣಿದವರು.

ಹಾಗಾದರೆ ಮಾಡಬೇಕಾದುದೇನು? ವಿಹಾರವನ್ನೇ ಬಿಡಬೇಕೆಂದು ನಾವು ಹೇಳುವುದಿಲ್ಲ. ಪರಿಹಾರದ ಮಾದರಿ ನಮ್ಮ ಉಡುಪಿಯಲ್ಲಿಯೇ ಇದೆ. ಶ್ರೀಕೃಷ್ಣನ ಪೂಜೆಯನ್ನು ಎಂಟು ಮಂದಿ ಯತಿಗಳು ಎರಡೆರಡು ತಿಂಗಳ ಸರದಿಯಲ್ಲಿ ನಡೆಸುವ ಕ್ರಮವನ್ನು ಶ್ರೀಮದಾಚಾರ್ಯರು ಏರ್ಪಡಿಸಿದರು. ಶ್ರೀ ವಾದಿರಾಜರು ಅದನ್ನು ಎರಡೆರಡು ವರ್ಷಗಳ ಪರ್ಯಾಯವನ್ನಾಗಿ ಮಾಡಿದರು. ಸರದಿ ಬಂದವರಿಗೆ ಪೂಜೆಯ ಭಾಗ್ಯವೂ ಇದೆ, ಅನ್ನದಾನದ ಹೊಣೆಯೂ ಇದೆ. ಸರದಿ ಮುಗಿದ ಮೇಲೆ ಕೀಲಿಕೈಯನ್ನು ಮುಂದಿನವರಿಗೆ ಒಪ್ಪಿಸಬೇಕು. ಭಾಗ್ಯವೂ ಭಾರವೂ ಒಬ್ಬರಲ್ಲೇ ನಿಲ್ಲದೆ ಸುತ್ತಿಬರಬೇಕೆಂಬುದಲ್ಲವೇ ಇದರ ಪಾಠ? ಮನೆಯಲ್ಲಿಯೂ ಅಂತಹ ಪರ್ಯಾಯವನ್ನು ಏಕೆ ನಡೆಸಬಾರದು? ಈ ಸಲದ ಬುತ್ತಿ ಗಂಡಸರ ಸರದಿ. ಅನ್ನ ಸ್ವಲ್ಪ ಮುದ್ದೆಯಾದರೆ ಆಗಲಿ. ಹೋಗುವ ಸ್ಥಳವನ್ನು ಆರಿಸುವಾಗ ಎಲ್ಲರಿಗಿಂತ ನಿಧಾನವಾಗಿ ನಡೆಯುವ ಹಿರಿಯರ ಹೆಜ್ಜೆಯೇ ಅಳತೆಯಾಗಲಿ. ‘ನೀವು ಹೋಗಿಬನ್ನಿ’ ಎಂದು ಅವರು ಹೇಳುವ ಮಾತನ್ನು ಅಷ್ಟು ಬೇಗ ನಂಬದಿರೋಣ. ಸಮಾರಂಭಗಳಲ್ಲಿ ಕಡೆಯ ಪಂಕ್ತಿಗೆ ಯಜಮಾನನೇ ನಿಂತು ಅಡಿಗೆಯವರಿಗೆ ಬಿಸಿಬಿಸಿಯಾಗಿ ಬಡಿಸಲಿ. ಮನೆಗೆಲಸಕ್ಕೆ ಬರುವ ಬಾಯಿಗೆ ಹಬ್ಬದ ದಿನ ಸೀರೆ ಕೊಡುವುದಷ್ಟೇ ಅಲ್ಲ, ಕೂಲಿ ಕಡಿಯದೆ ರಜೆಯನ್ನೂ ಕೊಡೋಣ.

ಇದರಿಂದ ನಮ್ಮ ಸಂತೋಷಕ್ಕೆ ಮೊದಲು ಸ್ವಲ್ಪ ಕುಂದು ಬಂದೀತು, ನಿಜ. ಬೆಳಗಿನ ಮೂರು ಗಂಟೆಗೆ ಏಳುವುದು ಯಾರಿಗೂ ಸುಖವಲ್ಲ. ಆದರೆ ಸುಖದಲ್ಲಿಯೂ ಮೂರು ಬಗೆಗಳನ್ನು ಗೀತೆಯ ಹದಿನೆಂಟನೆಯ ಅಧ್ಯಾಯ ಹೇಳುತ್ತದೆ. ಆರಂಭದಲ್ಲಿ ಕಹಿಯೆನಿಸಿ ಕಡೆಗೆ ಅಮೃತವಾಗುವುದೇ ಅವುಗಳಲ್ಲಿ ಉತ್ತಮವಾದುದು.

ತಾಯಿಯವರು ಈಗಿಲ್ಲ. ಆ ಪ್ರವಾಸದಲ್ಲಿ ಸೂರ್ಯಾಸ್ತ ಹೇಗಿತ್ತೆಂಬುದು ನಮ್ಮ ಬಳಗದಲ್ಲಿ ಯಾರಿಗೂ ನೆನಪಿಲ್ಲ. ಬೆಟ್ಟದ ಮೇಲಿನ ಆ ಪಂಕ್ತಿ ಎಲ್ಲರಿಗೂ ನೆನಪಿದೆ. ಕಳೆದ ಚಳಿಗಾಲದಲ್ಲಿ ಕುರ್ಲಾದಿಂದ ಮತ್ತೆ ಹೊರಟಾಗ ಚಿತ್ರಾನ್ನ ಕಲಸಿದವರು ನಾವು. ಉಪ್ಪು ಹೆಚ್ಚಾಗಿತ್ತು. ಮನೆಯವರು ದಾರಿಯುದ್ದಕ್ಕೂ ಕಿಟಕಿಯ ಬಳಿ ಎಚ್ಚರವಾಗಿಯೇ ಕುಳಿತಿದ್ದರು.

॥ ಶ್ರೀಕೃಷ್ಣಾರ್ಪಣಮಸ್ತು ॥